ಉಪ್ಪುನೀರಿನ ಅಕ್ವೇರಿಯಂನಲ್ಲಿ ಮೀನುಗಳು ಸಾಯುತ್ತಿದ್ದರೆ: ಕಾರಣ ಪತ್ತೆ ಮಾಡುವ ಕ್ರಮ

ಮನೆಯಲ್ಲಿ ಸಮುದ್ರದ ಮೀನುಗಳನ್ನು ಸಾಕುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ನೀರಿನ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿಯೇ ಇದೆ, ಆದರೂ ಮೀನುಗಳು ಒಂದರ ಹಿಂದೊಂದು ಸಾಯುತ್ತಿವೆ, ಯಾವ ಔಷಧಿ ಹಾಕಲಿ?" ಇದಕ್ಕೆ ಔಷಧಿಯ ಹೆಸರನ್ನು ಉತ್ತರವಾಗಿ ಕೊಡಲು ಸಾಧ್ಯವಿಲ್ಲ. ಮೀನುಗಳು ಯಾವಾಗ ಸತ್ತವು, ಯಾವ ಕ್ರಮದಲ್ಲಿ ಸತ್ತವು, ಅದೇ ನೀರಿನಲ್ಲಿದ್ದರೂ ಯಾವ ಜೀವಿಗಳಿಗೆ ಏನೂ ಆಗಲಿಲ್ಲ ಎಂಬ ಮೂರು ಸಂಗತಿಗಳು ತಿಳಿದರೆ ಕಾರಣ ಬಹುಮಟ್ಟಿಗೆ ಕೈಗೆ ಸಿಗುತ್ತದೆ. ಅವು ತಿಳಿಯದೆ ಹಾಕಿದ ಔಷಧಿಯು ಉಳಿದ ಮೀನುಗಳನ್ನೂ ಕೊಲ್ಲಬಹುದು. ಈ ಲೇಖನವು ಆ ಹುಡುಕಾಟವನ್ನು ಹಂತಹಂತವಾಗಿ ವಿವರಿಸುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂತಹ ಒಳನಾಡಿನ ಊರುಗಳಲ್ಲಿ ಪ್ಯಾಕೆಟ್ ಉಪ್ಪಿನಿಂದ ಸಮುದ್ರದ ನೀರನ್ನು ತಯಾರಿಸಿಕೊಳ್ಳುವವರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಕರಾವಳಿಯವರಿಗೆ ಬೇಕಾದ ಎಚ್ಚರಿಕೆಯೊಂದನ್ನು ಅದರ ಜಾಗದಲ್ಲಿ ಸೇರಿಸಿದ್ದೇನೆ.

ಕೈಯಲ್ಲಿ ಇರಬೇಕಾದ ಸಾಮಗ್ರಿ

ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮತ್ತು ಪಿಎಚ್ ಅಳೆಯುವ, ಅವಧಿ ಮೀರದ ಪರೀಕ್ಷಾ ಕಿಟ್‌ಗಳು ಬೇಕು. ನೀರಿನ ಉಪ್ಪಿನಂಶವನ್ನು ಬೆಳಕಿನ ಬಾಗುವಿಕೆಯಿಂದ ತೋರಿಸುವ ರಿಫ್ರಾಕ್ಟೋಮೀಟರ್ ಮತ್ತು ಅದನ್ನು ಸರಿಹೊಂದಿಸಲು ಸಾವಿರಕ್ಕೆ 35 ಭಾಗ ಉಪ್ಪಿನಂಶದ ಪ್ರಮಾಣಿತ ದ್ರಾವಣ ಬೇಕು. ಹೀಟರ್ ಮೇಲಿನ ಅಂಕಿಯನ್ನು ನಂಬದೆ ಬೇರೆಯೇ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಇವುಗಳ ಜೊತೆಗೆ ಒಂದು ಟಾರ್ಚ್, ಒಂದು ನೋಟ್‌ಪುಸ್ತಕ, ಸೋಪು ಫಿನಾಯಿಲ್ ಯಾವುದೂ ಎಂದೂ ತಾಗದ ಒಂದು ಬಕೆಟ್, ಮತ್ತು ಕಾಯಿಲೆಯ ಮೀನನ್ನು ಪ್ರತ್ಯೇಕಿಸಲು ಮರಳು ಕಲ್ಲುಗಳಿಲ್ಲದ ಸುಮಾರು 40 ಲೀಟರ್‌ನ ಚಿಕ್ಕ ತೊಟ್ಟಿ ಅಗತ್ಯ. ಈ ಚಿಕ್ಕ ತೊಟ್ಟಿಯನ್ನು ಖರ್ಚು ಎಂದು ಮುಂದೂಡುವವರೇ ಹೆಚ್ಚು. ಆದರೆ ಒಂದು ಟ್ಯಾಂಗ್ ಮೀನಿನ ಬೆಲೆಗಿಂತ ಅದರ ಬೆಲೆ ಕಡಿಮೆ.

ಹಂತ 1: ಮೊದಲ ಒಂದು ಗಂಟೆಯಲ್ಲಿ ಮಾಡಬೇಕಾದದ್ದು

ಸತ್ತ ಮೀನನ್ನು ಕೂಡಲೇ ಹೊರತೆಗೆಯಿರಿ, ಆದರೆ ಎಸೆಯುವ ಮೊದಲು ಒಳ್ಳೆಯ ಬೆಳಕಿನಲ್ಲಿ ಅದರ ಮೈ, ರೆಕ್ಕೆ, ಕಣ್ಣು ಮತ್ತು ಕಿವಿರುಗಳ ಚಿತ್ರ ತೆಗೆದಿಡಿ. ಆಹಾರ ಹಾಕುವುದನ್ನು ಒಂದು ದಿನ ನಿಲ್ಲಿಸಿ. ನೀರಿನ ಮೇಲ್ಮೈ ಚೆನ್ನಾಗಿ ಕದಡುವಂತೆ ಪವರ್‌ಹೆಡ್, ಅಂದರೆ ತೊಟ್ಟಿಯೊಳಗೆ ಪ್ರವಾಹ ಹುಟ್ಟಿಸುವ ಪಂಪ್‌ನ ಬಾಯಿಯನ್ನು ಮೇಲಕ್ಕೆ ತಿರುಗಿಸಿ. ಉಷ್ಣತೆ, ಉಪ್ಪಿನಂಶ ಮತ್ತು ಅಮೋನಿಯಾವನ್ನು ಈ ಕ್ಷಣದ ಸ್ಥಿತಿಯಲ್ಲೇ ಅಳೆದು ಬರೆದಿಟ್ಟುಕೊಂಡ ನಂತರ, ಅದೇ ಉಷ್ಣತೆ ಮತ್ತು ಅದೇ ಉಪ್ಪಿನಂಶದ ಹೊಸ ನೀರು ಸಿದ್ಧವಿದ್ದರೆ ಕಾಲು ಭಾಗದಷ್ಟು ನೀರನ್ನು ಬದಲಿಸಿ. ಮೊದಲು ನೀರು ಬದಲಿಸಿ ಆಮೇಲೆ ಅಳೆದರೆ ಸಾಕ್ಷ್ಯ ಚರಂಡಿ ಸೇರುತ್ತದೆ.

ಗಾಬರಿಯಲ್ಲಿ ಮರಳು, ಕಲ್ಲು ಮತ್ತು ಫಿಲ್ಟರ್‌ಗಳನ್ನೆಲ್ಲ ನಲ್ಲಿ ನೀರಿನಲ್ಲಿ ತೊಳೆದುಬಿಡುವುದು ಈ ಹೊತ್ತಿನಲ್ಲಿ ಆಗುವ ದೊಡ್ಡ ತಪ್ಪು. ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾಗಳು ವಾಸಿಸುವುದು ಆ ಕಲ್ಲು ಮರಳುಗಳ ಮೇಲೆಯೇ. ಕ್ಲೋರಿನ್ ಇರುವ ಸಿಹಿನೀರು ತಾಗಿದರೆ ಅವು ಸಾಯುತ್ತವೆ, ಮರುದಿನ ಅಮೋನಿಯಾ ಏರುತ್ತದೆ, ಒಂದು ಮೀನಿನ ಸಾವು ಎಲ್ಲ ಮೀನುಗಳ ಸಾವಾಗುತ್ತದೆ. ಮುಖ್ಯ ತೊಟ್ಟಿಗೆ ಈಗ ಯಾವ ಔಷಧಿಯನ್ನೂ ಹಾಕಬೇಡಿ.

ಹಂತ 2: ಸಾವುಗಳ ಪಟ್ಟಿ ಬರೆಯಿರಿ

ನೋಟ್‌ಪುಸ್ತಕದಲ್ಲಿ ಪ್ರತಿಯೊಂದು ಮೀನಿಗೂ ಒಂದು ಸಾಲು ಬರೆಯಿರಿ: ತಂದ ದಿನ, ಸತ್ತ ದಿನ, ಕೊನೆಯ ಸಲ ಆಹಾರ ತಿಂದ ದಿನ, ಸಾಯುವ ಮುನ್ನ ಕಂಡ ಲಕ್ಷಣ. ಅದರ ಪಕ್ಕದಲ್ಲಿ ತೊಟ್ಟಿಗೆ ಮತ್ತು ಮನೆಗೆ ಸಂಬಂಧಿಸಿದ ಘಟನೆಗಳನ್ನು ಬರೆಯಿರಿ. ಹೊಸ ಮೀನು ಬಂದದ್ದು, ಕರೆಂಟ್ ಹೋದದ್ದು, ಗೋಡೆಗೆ ಬಣ್ಣ ಹೊಡೆಸಿದ್ದು, ಜಿರಳೆಗೆ ಔಷಧಿ ಸಿಂಪಡಿಸಿದ್ದು, ಊರಿಗೆ ಹೋಗಿದ್ದಾಗ ಪಕ್ಕದ ಮನೆಯವರು ಆಹಾರ ಹಾಕಿದ್ದು, ಎಲ್ಲವೂ ಇಲ್ಲಿ ಬರಬೇಕು. ಇಡೀ ಹುಡುಕಾಟದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಈ ಪುಟಕ್ಕೆ.

ಪಟ್ಟಿಯನ್ನು ಓದುವ ಬಗೆ ಹೀಗಿದೆ. ರಾತ್ರಿ ಆರೋಗ್ಯವಾಗಿದ್ದ ಮೀನುಗಳು ಬೆಳಗಾಗುವಷ್ಟರಲ್ಲಿ ಒಟ್ಟಿಗೆ ಸತ್ತಿದ್ದರೆ, ಅದರಲ್ಲೂ ದೊಡ್ಡ ಮೀನುಗಳು ಮೊದಲು ಹೋಗಿದ್ದರೆ, ಆಮ್ಲಜನಕದ ಕೊರತೆಯನ್ನು ಮೊದಲು ಅನುಮಾನಿಸಿ. ಸೀಗಡಿ, ಬಸವನಹುಳು, ಹವಳಗಳು ಮೊದಲು ನರಳಿ ಮೀನುಗಳು ಆಮೇಲೆ ಸತ್ತಿದ್ದರೆ ವಿಷ ಅಥವಾ ಉಪ್ಪಿನಂಶದ ಏರುಪೇರು ಕಾರಣವಾಗಿರಬಹುದು. ಸೀಗಡಿ ಹವಳಗಳು ಚೆನ್ನಾಗಿದ್ದು ಮೀನುಗಳು ಮಾತ್ರ ಒಂದರ ಹಿಂದೊಂದು ಸಾಯುತ್ತಿದ್ದರೆ ಅದು ಬಹುಮಟ್ಟಿಗೆ ಪರೋಪಜೀವಿಯ ಕಾಯಿಲೆ, ಏಕೆಂದರೆ ಮೀನನ್ನು ಹಿಡಿಯುವ ಪರೋಪಜೀವಿಗಳು ಸೀಗಡಿಯನ್ನು ಹಿಡಿಯುವುದಿಲ್ಲ. ತಂದ ಒಂದೆರಡು ದಿನಗಳಲ್ಲೇ ಹೊಸ ಮೀನು ಮಾತ್ರ ಸತ್ತಿದ್ದರೆ ಸಾಗಣೆಯಲ್ಲೋ ತೊಟ್ಟಿಗೆ ಬಿಡುವ ಕ್ರಮದಲ್ಲೋ ತಪ್ಪಾಗಿದೆ. ಎರಡು ಮೂರು ತಿಂಗಳು ಬದುಕಿ, ಹೊಟ್ಟೆ ಒಳಸರಿದು, ಬೆನ್ನು ಚೂಪಾಗಿ ಸತ್ತ ಮೀನು ಹಸಿವಿನಿಂದ ಸತ್ತಿದೆ.

ಶವವೇ ಸಿಗದಿದ್ದರೆ ತೊಟ್ಟಿಯ ಹಿಂಭಾಗ, ಸ್ಟ್ಯಾಂಡ್‌ನ ಕೆಳಗೆ, ನೀರು ಹರಿದು ಹೋಗುವ ಓವರ್‌ಫ್ಲೋ ಪೆಟ್ಟಿಗೆಯಲ್ಲಿ ಹುಡುಕಿ. ಫೈರ್‌ಫಿಶ್ ಮತ್ತು ರ್‍ಯಾಸ್ ಜಾತಿಯ ಮೀನುಗಳು ಹೆದರಿದರೆ ತೊಟ್ಟಿಯಿಂದ ಹೊರಕ್ಕೆ ಹಾರುತ್ತವೆ. ಬಲೆಯ ಮುಚ್ಚಳವಿಲ್ಲದ ತೊಟ್ಟಿಯಲ್ಲಿ ಇವನ್ನು ಸಾಕಲೇಬಾರದು. ಸನ್ಯಾಸಿ ಏಡಿಗಳು ಮತ್ತು ಮರಳಿನ ಹುಳುಗಳು ಚಿಕ್ಕ ಮೀನಿನ ಶವವನ್ನು ಒಂದೇ ರಾತ್ರಿಯಲ್ಲಿ ತಿಂದು ಮುಗಿಸುತ್ತವೆ. ಅದನ್ನು ಕಂಡವರು ಏಡಿಯೇ ಕೊಂದಿತು ಎಂದು ತಪ್ಪು ತಿಳಿಯುವುದುಂಟು.

ಹಂತ 3: ಅಳತೆಯ ಉಪಕರಣಗಳನ್ನೇ ಮೊದಲು ಪರೀಕ್ಷಿಸಿ

"ಎಲ್ಲ ಸರಿಯಾಗಿದೆ" ಎಂಬ ಮಾತು ಉಪಕರಣ ಸರಿಯಾಗಿದ್ದರೆ ಮಾತ್ರ ನಿಜ. ಸಮುದ್ರದ ನೀರಿನ ಉಪ್ಪಿನಂಶ ಸಾವಿರಕ್ಕೆ 35 ಭಾಗ, ಅಂದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 1.026 ಸಾಪೇಕ್ಷ ಸಾಂದ್ರತೆ. ರಿಫ್ರಾಕ್ಟೋಮೀಟರನ್ನು ಸಾದಾ ನೀರಿನಿಂದ ಸೊನ್ನೆಗೆ ಹೊಂದಿಸಿದರೆ ಸಾಕೆಂದು ಹಲವರು ತಿಳಿದಿದ್ದಾರೆ, ಆದರೆ ಸೊನ್ನೆಯಲ್ಲಿ ಸರಿ ಇರುವ ಉಪಕರಣ 35ರ ಬಳಿ ತಪ್ಪು ತೋರಿಸಬಹುದು; ಪ್ರಮಾಣಿತ ದ್ರಾವಣದಿಂದಲೇ ಹೊಂದಿಸಬೇಕು. ಮುಳ್ಳು ಏರಿಳಿಯುವ ಅಗ್ಗದ ಪ್ಲಾಸ್ಟಿಕ್ ಹೈಡ್ರೋಮೀಟರ್‌ನ ಮುಳ್ಳಿಗೆ ಗಾಳಿಯ ಗುಳ್ಳೆಯೊಂದು ಅಂಟಿದರೂ ಅಂಕಿ ಏರಿಬಿಡುತ್ತದೆ.

ಉಪ್ಪಿನಂಶಕ್ಕೆ ಇಷ್ಟು ಮಹತ್ವ ಏಕೆಂದರೆ, ಸಮುದ್ರದ ಮೀನಿನ ರಕ್ತದ ಲವಣಾಂಶ ಸುತ್ತಲಿನ ನೀರಿನ ಸುಮಾರು ಮೂರನೇ ಒಂದು ಭಾಗ ಮಾತ್ರ. ಆದ್ದರಿಂದ ಅದರ ಮೈಯಿಂದ ನೀರು ಸದಾ ಹೊರಕ್ಕೆ ಸೆಳೆಯಲ್ಪಡುತ್ತದೆ. ಅದು ನಿರಂತರವಾಗಿ ಉಪ್ಪುನೀರನ್ನು ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತಾ ಬದುಕುತ್ತದೆ. ಉಪ್ಪಿನಂಶ ಹಠಾತ್ತನೆ ಏರಿದರೆ ಮೀನು ನೀರಿನಲ್ಲಿದ್ದೂ ಬಾಯಾರಿ ಸಾಯುತ್ತದೆ.

ಹೊಸಬರು ಇಲ್ಲಿ ಎಡವುವುದು ಆವಿಯಾದ ನೀರನ್ನು ತುಂಬುವಾಗ. ನೀರು ಆವಿಯಾಗುತ್ತದೆ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ಇಳಿದ ಮಟ್ಟವನ್ನು ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಬೇಕು. ಪ್ರತಿ ಸಲವೂ ಉಪ್ಪುನೀರು ತುಂಬಿದವರ ತೊಟ್ಟಿಯಲ್ಲಿ ಒಂದೆರಡು ತಿಂಗಳಲ್ಲಿ ಉಪ್ಪಿನಂಶ 40 ದಾಟಿರುವುದನ್ನು ನೋಡಿದ್ದೇನೆ. ಅಂತಹ ಸಂದರ್ಭದಲ್ಲಿ ಒಂದೇ ದಿನದಲ್ಲಿ 35ಕ್ಕೆ ಇಳಿಸದೆ ಕೆಲವು ದಿನಗಳಲ್ಲಿ ನಿಧಾನವಾಗಿ ಇಳಿಸಿ.

ಕರಾವಳಿಯಲ್ಲಿದ್ದು ಸಮುದ್ರದಿಂದಲೇ ನೀರು ತರುವವರು ಮಳೆಗಾಲದ ತಿಂಗಳುಗಳಲ್ಲಿ ಎಚ್ಚರವಾಗಿರಬೇಕು. ಮಂಗಳೂರಿನ ಬಳಿ ನೇತ್ರಾವತಿ ಮತ್ತು ಗುರುಪುರ, ಕಾರವಾರದ ಬಳಿ ಕಾಳಿ ನದಿ ಸಮುದ್ರ ಸೇರುವಲ್ಲಿ ಜೂನ್‌ನಿಂದ ದಡದ ನೀರಿನ ಉಪ್ಪಿನಂಶ ಬಹಳ ಇಳಿಯುತ್ತದೆ, ಹೂಳೂ ತುಂಬಿರುತ್ತದೆ. ಅಳಿವೆ ಮತ್ತು ಬಂದರುಗಳಿಂದ ದೂರದಲ್ಲಿ, ಬೇಸಿಗೆಯಲ್ಲಿ ತಂದ ನೀರನ್ನೂ ಅಳೆಯದೆ, ಸೋಸದೆ ಬಳಸಬಾರದು.

ಹಂತ 4: ಅಮೋನಿಯಾ

ಅಮೋನಿಯಾ ಎಂದರೆ ಮೀನಿನ ಕಿವಿರಿನಿಂದಲೂ ಕೊಳೆಯುವ ಆಹಾರದಿಂದಲೂ ನೀರು ಸೇರುವ ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಗುಂಪು ಅದನ್ನು ಬಹಳ ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಸಾಕುವವರು ಇದನ್ನೇ ಸೈಕಲ್ ಎನ್ನುತ್ತಾರೆ.

ಸಿಹಿನೀರಿನಲ್ಲಿ ಮೀನು ಸಾಕಿ ಅನುಭವವಿರುವವರು ಇಲ್ಲಿ ಒಂದು ಸಂಗತಿಯನ್ನು ಮರೆಯುತ್ತಾರೆ. ನೀರಿನಲ್ಲಿ ಅಮೋನಿಯಾ ಎರಡು ರೂಪಗಳಲ್ಲಿರುತ್ತದೆ, ಅದರಲ್ಲಿ ಒಂದು ಮಾತ್ರ ತೀವ್ರ ವಿಷ. ಪಿಎಚ್ 7 ಇರುವ ಸಿಹಿನೀರಿನಲ್ಲಿ ಆ ವಿಷರೂಪ ಎಷ್ಟಿರುತ್ತದೋ, ಪಿಎಚ್ 8.2 ಇರುವ ಸಮುದ್ರದ ನೀರಿನಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ಇರುತ್ತದೆ. ಆದ್ದರಿಂದ ಗುಪ್ಪಿಗಳು ಸಹಿಸಿಕೊಂಡ ಅಂಕಿಯನ್ನು ಕ್ಲೌನ್‌ಫಿಶ್ ಸಹಿಸುತ್ತದೆಂದು ಭಾವಿಸಬೇಡಿ. ನೈಟ್ರೈಟ್‌ನ ವಿಷಯ ಇದಕ್ಕೆ ತಿರುಗುಮುರುಗು: ಸಮುದ್ರದ ನೀರಿನಲ್ಲಿ ಹೇರಳವಾಗಿರುವ ಕ್ಲೋರೈಡ್ ಅದನ್ನು ಕಿವಿರಿನೊಳಕ್ಕೆ ಹೋಗದಂತೆ ತಡೆಯುವುದರಿಂದ ಅಲ್ಪ ನೈಟ್ರೈಟ್ ಕಂಡರೆ ಗಾಬರಿ ಬೇಡ.

ನೆಲೆಗೊಂಡ ತೊಟ್ಟಿಯಲ್ಲಿ ಅಮೋನಿಯಾ ಕಂಡರೆ ಅದಕ್ಕೆ ಹೊಸ ಕಾರಣವೊಂದು ಇದ್ದೇ ಇದೆ. ಕಲ್ಲಿನ ಹಿಂದೆ ಕೊಳೆಯುತ್ತಿರುವ ಮೀನು, ಹಠಾತ್ತನೆ ಸೇರಿಸಿದ ಹಲವು ಮೀನುಗಳು, ತೊಳೆದುಹಾಕಿದ ಫಿಲ್ಟರ್, ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ, ಅಥವಾ ಹದಗೊಳಿಸದೆ ಹಾಕಿದ ಹೊಸ ಕಲ್ಲು, ಇವುಗಳಲ್ಲಿ ಒಂದನ್ನು ಹುಡುಕಿ. ಕಲ್ಲಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು: ಹವಳಗಳು ಮತ್ತು ಕಡಲಕುದುರೆಗಳು ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತವಾಗಿವೆ, ಆದ್ದರಿಂದ ಕಡಲಿನಿಂದ ಹವಳದ ಕಲ್ಲುಗಳನ್ನು ಕಿತ್ತು ತರಬೇಡಿ.

ಹಂತ 5: ಉಸಿರು, ಬಿಸಿಲು, ಕರೆಂಟ್

ಸಮುದ್ರದ ನೀರು ಅದೇ ಉಷ್ಣತೆಯ ಸಿಹಿನೀರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ ಆಮ್ಲಜನಕವನ್ನು ಹಿಡಿದಿಡುತ್ತದೆ. ನೀರು ಬಿಸಿಯಾದಷ್ಟೂ ಇದು ಇನ್ನೂ ಇಳಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆಯಿರುವುದರಿಂದ ನೀರಿನಲ್ಲಿ ಕರಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಏಪ್ರಿಲ್ ತಿಂಗಳ ರಾತ್ರಿ, 30 ಡಿಗ್ರಿಯ ನೀರು, ಹೆಚ್ಚು ಮೀನುಗಳು, ಅದರ ಮೇಲೆ ಮೂರು ಗಂಟೆ ಕರೆಂಟ್ ಇಲ್ಲ ಎಂದರೆ ಬೆಳಗಿನ ದೃಶ್ಯವನ್ನು ಊಹಿಸಬಹುದು. ಪಾಚಿಗಳು ಬೆಳಕಿನಲ್ಲಿ ಆಮ್ಲಜನಕ ಕೊಟ್ಟರೂ ಕತ್ತಲಲ್ಲಿ ಅದನ್ನು ಬಳಸುತ್ತವೆ, ಆದ್ದರಿಂದ ಅದರ ಮಟ್ಟ ಅತಿ ಕೆಳಗಿಳಿಯುವುದು ಬೆಳಗಿನ ಜಾವದಲ್ಲಿ.

ಒಂದು ದಿನ ನಸುಕಿನಲ್ಲಿ ಎದ್ದು, ತೊಟ್ಟಿಯ ದೀಪ ಹಾಕದೆ, ಟಾರ್ಚ್‌ನ ಮಂದ ಬೆಳಕಿನಲ್ಲಿ ಮೀನುಗಳನ್ನು ನೋಡಿ. ಹಲವು ಜಾತಿಯ ಮೀನುಗಳು ಒಟ್ಟಿಗೆ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ ನೀರಿನಲ್ಲೇ ಉಸಿರಿಲ್ಲ. ಒಂದೇ ಮೀನು ವೇಗವಾಗಿ ಕಿವಿರು ಬಡಿಯುತ್ತಿದ್ದರೆ ಕಾಯಿಲೆ ಆ ಮೀನಿನ ಕಿವಿರಿನಲ್ಲಿದೆ.

ಪರಿಹಾರ ದುಬಾರಿಯಲ್ಲ. ಒಂದು ಪವರ್‌ಹೆಡ್‌ಗೆ ಮನೆಯ ಯುಪಿಎಸ್ ಸಂಪರ್ಕ ಕೊಡಿ, ಅಥವಾ ಕರೆಂಟ್ ಹೋದ ತಕ್ಷಣ ತಾನೇ ಚಾಲೂ ಆಗುವ ಬ್ಯಾಟರಿಯ ಏರ್‌ಪಂಪ್ ಇಡಿ. ಹೀಟರನ್ನು ಮಾತ್ರ ಯುಪಿಎಸ್‌ಗೆ ಜೋಡಿಸಬೇಡಿ, ಅದು ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತದೆ. ಬೇಸಿಗೆಯಲ್ಲಿ ನೀರಿನ ಮೇಲ್ಮೈಗೆ ಬೀಸುವ ಚಿಕ್ಕ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸಬಲ್ಲದು, ಆದರೆ ಆವಿಯಾಗುವಿಕೆ ಹೆಚ್ಚುವುದರಿಂದ ಶುದ್ಧ ನೀರನ್ನು ದಿನವೂ ತುಂಬಬೇಕಾಗುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಬೆಂಗಳೂರಿಗೂ ಹೀಟರ್ ಬೇಕು. ಅದರ ಥರ್ಮೋಸ್ಟಾಟ್ ಕೆಟ್ಟು ಬಿಸಿ ಮಾಡುತ್ತಲೇ ಇದ್ದರೆ ತೊಟ್ಟಿ ಬೇಯುತ್ತದೆ, ಆದ್ದರಿಂದ ಪ್ರತ್ಯೇಕ ನಿಯಂತ್ರಕವೊಂದನ್ನು ಜೋಡಿಸುವುದು ಒಳ್ಳೆಯದು. ಒಡೆದ ಹೀಟರ್‌ನಿಂದ ನೀರಿಗೆ ವಿದ್ಯುತ್ ಸೋರಿದರೆ ಅಪಾಯ ಮೀನಿಗಿಂತ ನಿಮಗೆ ಹೆಚ್ಚು: ಅರ್ತಿಂಗ್ ಮತ್ತು ಸೋರಿಕೆ ಕಂಡೊಡನೆ ಸಂಪರ್ಕ ಕಡಿಯುವ ಬ್ರೇಕರ್ ಇಲ್ಲದ ಮನೆಯಲ್ಲಿ ತೊಟ್ಟಿ ಇಡಬೇಡಿ, ಸ್ವಿಚ್ ಆರಿಸದೆ ಕೈ ಹಾಕಬೇಡಿ.

ಹಂತ 6: ಮನೆಯೊಳಗಿನ ವಿಷಗಳು

ಗೋಡೆಯ ಪ್ಲಗ್‌ಗೆ ಸಿಕ್ಕಿಸುವ ಸೊಳ್ಳೆ ನಿವಾರಕ ದ್ರವ, ಸೊಳ್ಳೆ ಬತ್ತಿ ಮತ್ತು ಜಿರಳೆ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ. ಇದು ಮನುಷ್ಯರಿಗೆ ಮಾಡುವ ಹಾನಿಗೆ ಹೋಲಿಸಿದರೆ ಮೀನು ಮತ್ತು ಸೀಗಡಿಗಳಿಗೆ ಅತಿ ಹೆಚ್ಚು ವಿಷಕಾರಿ. ತೊಟ್ಟಿಯ ಏರ್‌ಪಂಪ್ ಮತ್ತು ಪ್ರೋಟೀನ್ ಸ್ಕಿಮ್ಮರ್, ಅಂದರೆ ನೊರೆ ಎಬ್ಬಿಸಿ ಕೊಳೆಯನ್ನು ತೆಗೆಯುವ ಉಪಕರಣ, ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುತ್ತವೆ. ತೊಟ್ಟಿಯಿರುವ ಕೋಣೆಯಲ್ಲಿ ಇವನ್ನು ಬಳಸಬೇಡಿ, ಕಿಟಕಿಗೆ ಜಾಲರಿ ಹಾಕಿಸಿ. ಕೀಟನಾಶಕ ಸಿಂಪಡಿಸುವ ದಿನವಾದರೆ ತೊಟ್ಟಿಯನ್ನು ಮುಚ್ಚಿ, ಏರ್‌ಪಂಪ್‌ನ ಗಾಳಿಯ ಕೊಳವೆ ಹೊರಗಿನ ಗಾಳಿ ಎಳೆಯುವಂತೆ ಮಾಡಿ, ಫಿಲ್ಟರ್‌ನಲ್ಲಿ ಹೊಸ ಸಕ್ರಿಯ ಇದ್ದಿಲು ಇಡಿ.

ಎರಡನೆಯ ಮೂಲ ಕುಡಿಯುವ ನೀರಿನ ಆರ್‌ಒ ಯಂತ್ರ. ಅದರಿಂದ ಬರುವ ನೀರು ಶುದ್ಧ ಎಂಬ ನಂಬಿಕೆ ತೊಟ್ಟಿಯ ಮಟ್ಟಿಗೆ ಪೂರ್ತಿ ನಿಜವಲ್ಲ. ರುಚಿಗಾಗಿ ಸ್ವಲ್ಪ ಹಸಿನೀರನ್ನು ಮರಳಿ ಬೆರೆಸುವ ವ್ಯವಸ್ಥೆ, ಖನಿಜ ಸೇರಿಸುವ ಕಾರ್ಟ್ರಿಜ್, ಮತ್ತು ಈಚಿನ ಹಲವು ಮಾದರಿಗಳಲ್ಲಿ ತಾಮ್ರ ಸೇರಿಸುವ ಕಾರ್ಟ್ರಿಜ್ ಅದರಲ್ಲಿರುತ್ತವೆ. ತಾಮ್ರ ಸೀಗಡಿ, ಬಸವನಹುಳು, ಹವಳಗಳಿಗೆ ಅತ್ಯಲ್ಪ ಪ್ರಮಾಣದಲ್ಲೂ ಮಾರಕ. ನನ್ನ ತೊಟ್ಟಿಯಲ್ಲಿ ಸೀಗಡಿಗಳು ಪೊರೆ ಬಿಡುವಾಗಲೆಲ್ಲ ಸಾಯುತ್ತಿದ್ದುದಕ್ಕೆ ಇದೇ ಕಾರಣವೆಂದು ತಿಳಿಯಲು ಮೂರು ತಿಂಗಳು ಹಿಡಿದಿತ್ತು. ತೊಟ್ಟಿಗೆಂದೇ ಸಾದಾ ಆರ್‌ಒ ಪೊರೆ ಮತ್ತು ಅದರ ನಂತರ ಉಳಿದ ಲವಣಗಳನ್ನು ತೆಗೆಯುವ ಡಿಐ ರಾಳದ ಘಟಕ ಇಟ್ಟುಕೊಳ್ಳಿ. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಬೋರ್‌ವೆಲ್ ನೀರನ್ನಾಗಲಿ ನಲ್ಲಿಯ ನೀರನ್ನಾಗಲಿ ನೇರವಾಗಿ ಉಪ್ಪಿಗೆ ಬೆರೆಸಬೇಡಿ. ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ ಎಂಬುದು ನಿಜವಾದರೂ, ಗಡಸುತನ, ನೈಟ್ರೇಟ್ ಮತ್ತು ಲೋಹಗಳು ಎಲ್ಲಿಗೂ ಹೋಗುವುದಿಲ್ಲ. ಅಡುಗೆಯ ಉಪ್ಪಿನಿಂದ ಸಮುದ್ರದ ನೀರು ಆಗುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ. ಅದರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್‌ಗಳು ಬೇಕಾದ ಪ್ರಮಾಣದಲ್ಲಿ ಇರುವುದಿಲ್ಲ.

ತುಕ್ಕು ಹಿಡಿದ ಅಯಸ್ಕಾಂತದ ಗಾಜು ಒರೆಸುವ ಸಾಧನ, ಸ್ಯಾನಿಟೈಸರ್ ಹಚ್ಚಿದ ಕೈ ಮತ್ತು ದಪ್ಪ ಮರಳನ್ನು ಕೆದಕಿದಾಗ ಏಳುವ ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನೂ ನೆನಪಿನಲ್ಲಿಡಿ.

ಹಂತ 7: ಕಾಯಿಲೆಯನ್ನು ಗುರುತಿಸಿ

ಮೇಲಿನ ಎಲ್ಲವೂ ಸರಿಯಿದ್ದು, ಸೀಗಡಿಗಳು ಸುಖವಾಗಿದ್ದು, ಮೀನುಗಳು ಮಾತ್ರ ಸಾಯುತ್ತಿದ್ದರೆ ಈ ಹಂತ ನಿಮಗಾಗಿ. ಮನೆಯ ತೊಟ್ಟಿಗಳಲ್ಲಿ ಪದೇ ಪದೇ ಕಾಣುವ ನಾಲ್ಕು ಪರೋಪಜೀವಿಗಳನ್ನು ಒಂದರಿಂದೊಂದು ಬೇರ್ಪಡಿಸಲು ಕಲಿಯಬೇಕು, ಏಕೆಂದರೆ ಅವು ಕೊಲ್ಲುವ ವೇಗ ಬೇರೆ, ಚಿಕಿತ್ಸೆಯೂ ಬೇರೆ.

ಮೊದಲನೆಯದು ವೆಲ್ವೆಟ್, ಶಾಸ್ತ್ರೀಯ ಹೆಸರು ಅಮೈಲೂಡಿನಿಯಂ ಒಸೆಲ್ಲೇಟಂ. ಇದು ಅತಿ ವೇಗವಾಗಿ ಕೊಲ್ಲುತ್ತದೆ. ಲಕ್ಷಣ ಕಂಡ ಎರಡು ಮೂರು ದಿನಗಳಲ್ಲೇ ತೊಟ್ಟಿ ಬರಿದಾಗಬಹುದು. ಮೊದಲು ಕಿವಿರುಗಳನ್ನು ಹಿಡಿಯುವುದರಿಂದ ಮೈಮೇಲೆ ಏನೂ ಕಾಣದೆಯೇ ಮೀನು ಸಾಯುವುದುಂಟು. ಮೀನು ಬೆಳಕಿನಿಂದ ದೂರ ಸರಿಯುತ್ತದೆ, ಪವರ್‌ಹೆಡ್‌ನ ಪ್ರವಾಹಕ್ಕೆ ಮುಖವೊಡ್ಡಿ ನಿಲ್ಲುತ್ತದೆ, ಆಹಾರ ಬಿಡುತ್ತದೆ, ಉಸಿರು ವೇಗವಾಗುತ್ತದೆ. ಚುಕ್ಕೆ ಕಂಡರೆ ಅದು ಜರಡಿ ಹಿಡಿದ ಹಿಟ್ಟು ಉದುರಿಸಿದಷ್ಟು ನವುರಾಗಿರುತ್ತದೆ; ಟಾರ್ಚನ್ನು ಓರೆಯಾಗಿ ಹಿಡಿದರೆ ಮಾಸಲು ಚಿನ್ನದ ಧೂಳಿನಂತೆ ಹೊಳೆಯುತ್ತದೆ.

ಎರಡನೆಯದು ಬಿಳಿಚುಕ್ಕೆ ರೋಗ, ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್. ಇದರ ಚುಕ್ಕೆಗಳು ಉಪ್ಪಿನ ಹರಳಿನಷ್ಟು ದಪ್ಪ, ಎಣಿಸಬಹುದಾದಷ್ಟು ಬಿಡಿಬಿಡಿ. ಹೆಚ್ಚಿನವರನ್ನು ಮೋಸಗೊಳಿಸುವುದು ಈ ಜೀವಿಯ ಜೀವನಚಕ್ರ. ಮೀನಿನ ಮೈಮೇಲೆ ಮೂರರಿಂದ ಏಳು ದಿನ ಬೆಳೆದ ನಂತರ ಅದು ಉದುರಿ, ಮರಳು ಕಲ್ಲುಗಳ ಮೇಲೆ ಗಟ್ಟಿ ಕೋಶ ಕಟ್ಟಿಕೊಂಡು ಒಳಗೆ ನೂರಾರು ಮರಿಗಳಾಗಿ ಒಡೆಯುತ್ತದೆ. ಚುಕ್ಕೆಗಳು ಮಾಯವಾದ ಆ ದಿನಗಳಲ್ಲಿ ಮಾಲೀಕರು ಬೆಳ್ಳುಳ್ಳಿ ರಸವೋ ಅಂಗಡಿಯ ದ್ರವವೋ ಗುಣಪಡಿಸಿತೆಂದು ಸಂತೋಷಪಡುತ್ತಾರೆ. ಕೋಶ ಒಡೆದು ಮರಿಗಳು ಹೊರಬಂದಾಗ ಚುಕ್ಕೆಗಳು ಮೊದಲಿಗಿಂತ ಹಲವು ಪಟ್ಟು ಹೆಚ್ಚಾಗಿ ಮರಳುತ್ತವೆ. ಚುಕ್ಕೆ ಹೋಯಿತೆಂದರೆ ರೋಗ ಹೋಯಿತೆಂದಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ.

ಮೂರನೆಯದಾದ ಬ್ರೂಕ್ಲಿನೆಲ್ಲಾ ಕ್ಲೌನ್‌ಫಿಶ್‌ಗಳನ್ನು, ಅದರಲ್ಲೂ ಸಮುದ್ರದಿಂದ ಹಿಡಿದವನ್ನು, ಹೆಚ್ಚಾಗಿ ಕಾಡುತ್ತದೆ. ಮೈಯಿಂದ ಲೋಳೆಯ ಪದರ ಎಳೆಎಳೆಯಾಗಿ ಕಳಚುತ್ತದೆ. ವೆಲ್ವೆಟ್ ಮತ್ತು ಬಿಳಿಚುಕ್ಕೆಗೆ ಔಷಧಿಯಾಗಿ ಬಳಸುವ ತಾಮ್ರ ಇದಕ್ಕೆ ಕೆಲಸ ಮಾಡುವುದಿಲ್ಲ; ಫಾರ್ಮಲಿನ್ ಸ್ನಾನ ಬೇಕು. ಫಾರ್ಮಲಿನ್ ನಿಮಗೂ ಅಪಾಯಕಾರಿ, ಆದ್ದರಿಂದ ಕೈಗವಸು ಹಾಕಿ, ಗಾಳಿಯಾಡುವ ಜಾಗದಲ್ಲಿ, ತಯಾರಕರು ಬರೆದ ಪ್ರಮಾಣದಂತೆ, ನೀರಿಗೆ ಗಾಳಿ ಬಿಡುತ್ತಾ ಮಾತ್ರ ಬಳಸಿ. ನಾಲ್ಕನೆಯದಾದ ಯೂರೊನೀಮಾ ಹಸಿರು ಕ್ರೋಮಿಸ್‌ಗಳ ಪಕ್ಕೆಯಲ್ಲಿ ಕೆಂಪು ಹುಣ್ಣಾಗಿ ಕಾಣುತ್ತದೆ. ಹುಣ್ಣು ಕಂಡ ಮೇಲೆ ಮೀನು ಉಳಿಯುವುದು ಕಷ್ಟ, ಉಳಿದವನ್ನು ಬೇರ್ಪಡಿಸುವುದಷ್ಟೇ ಮಾಡಬಹುದಾದದ್ದು.

ಯಾವುದೂ ಸ್ಪಷ್ಟವಾಗದೆ, ಮೀನು ಮೈ ಉಜ್ಜುತ್ತಾ ಕಣ್ಣು ಮಸುಕಾಗಿದ್ದರೆ, ಅದೇ ಉಷ್ಣತೆ ಮತ್ತು ಅದೇ ಪಿಎಚ್‌ನ ಸಿಹಿನೀರಿನಲ್ಲಿ ಗಾಳಿ ಬಿಡುತ್ತಾ ಐದು ನಿಮಿಷ ಇಡಿ. ಚರ್ಮದ ಚಪ್ಪಟೆ ಹುಳುಗಳಾದ ಫ್ಲೂಕ್‌ಗಳಿದ್ದರೆ ಅವು ಬೆಳ್ಳಗಾಗಿ ಪಾತ್ರೆಯ ತಳಕ್ಕೆ ಬೀಳುತ್ತವೆ; ಆಗ ಪ್ರಾಜಿಕ್ವಾಂಟೆಲ್ ಔಷಧಿ ಸರಿಯಾದ ಆಯ್ಕೆ.

ಹಂತ 8: ಚಿಕಿತ್ಸೆ ಚಿಕ್ಕ ತೊಟ್ಟಿಯಲ್ಲಿ, ಮುಖ್ಯ ತೊಟ್ಟಿ ಖಾಲಿ

ವೆಲ್ವೆಟ್ ಅಥವಾ ಬಿಳಿಚುಕ್ಕೆ ಖಚಿತವಾದರೆ ಒಂದು ಮೀನನ್ನೂ ಬಿಡದೆ ಎಲ್ಲವನ್ನೂ ಚಿಕಿತ್ಸೆಯ ತೊಟ್ಟಿಗೆ ವರ್ಗಾಯಿಸಬೇಕು. ಆರೋಗ್ಯವಾಗಿ ಕಾಣುವ ಒಂದು ಡ್ಯಾಮ್ಸೆಲ್ ಮೀನನ್ನು ಹಿಡಿಯಲಾಗಲಿಲ್ಲವೆಂದು ಬಿಟ್ಟರೂ ರೋಗ ಅದರ ಮೇಲೆ ಉಳಿದುಕೊಳ್ಳುತ್ತದೆ. ಮೀನುಗಳಿಲ್ಲದ ಮುಖ್ಯ ತೊಟ್ಟಿಯಲ್ಲಿ ಸೀಗಡಿ, ಹವಳಗಳು ಇರಬಹುದು. ಬಿಳಿಚುಕ್ಕೆಯ ಕೋಶ 72 ದಿನಗಳವರೆಗೂ ಮರಿ ಹೊರಬಿಟ್ಟದ್ದು ಪ್ರಯೋಗಗಳಲ್ಲಿ ದಾಖಲಾಗಿದೆ. ಹಾಗಾಗಿಯೇ ತೊಟ್ಟಿಯನ್ನು 76 ದಿನ ಮೀನಿಲ್ಲದೆ ಇಡುವ ರೂಢಿ ಬಂದಿದೆ. ನಲವತ್ತನೆಯ ದಿನ ತಾಳ್ಮೆ ಕಳೆದುಕೊಂಡು ಮೀನು ಮರಳಿ ಬಿಟ್ಟವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗಬಹುದು.

ಚಿಕಿತ್ಸೆಯ ತೊಟ್ಟಿಯಲ್ಲಿ ಅಡಗಲು ಪಿವಿಸಿ ಪೈಪಿನ ತುಂಡುಗಳು, ಹೀಟರ್, ಏರ್‌ಪಂಪ್ ಮತ್ತು ಮುಂಚಿತವಾಗಿಯೇ ಬ್ಯಾಕ್ಟೀರಿಯಾ ನೆಲೆಗೊಂಡ ಸ್ಪಂಜ್ ಫಿಲ್ಟರ್ ಸಾಕು. ಕಲ್ಲು ಮರಳು ಬೇಡ, ಅವು ತಾಮ್ರವನ್ನು ಹೀರಿಕೊಂಡು ಪ್ರಮಾಣ ತಪ್ಪಿಸುತ್ತವೆ. ಬೇರೊಂದು ರಾಸಾಯನಿಕದೊಡನೆ ಬಂಧಿಸಿದ ಕೀಲೇಟೆಡ್ ತಾಮ್ರವಾದರೆ 2.0ರಿಂದ 2.5 ಪಿಪಿಎಂ, ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ; ಬಂಧಿಸದ ಅಯಾನಿಕ್ ತಾಮ್ರವಾದರೆ 0.15ರಿಂದ 0.20 ಪಿಪಿಎಂ. ಅಯಾನಿಕ್ ತಾಮ್ರವನ್ನು ಕೀಲೇಟೆಡ್ ತಾಮ್ರದ ಅಂಕಿಗೆ ಏರಿಸಿದರೆ ಎಲ್ಲ ಮೀನುಗಳೂ ಸಾಯಬಹುದು, ಆದ್ದರಿಂದ ಬಾಟಲಿಯ ಮೇಲಿನ ಬರಹವನ್ನು ಎರಡು ಸಲ ಓದಿ. ಎರಡು ಮೂರು ದಿನಗಳಲ್ಲಿ ಮೆಲ್ಲಗೆ ಆ ಮಟ್ಟಕ್ಕೆ ಏರಿಸಿ, ಆಯಾ ತಾಮ್ರಕ್ಕೆ ಹೊಂದುವ ಕಿಟ್‌ನಿಂದ ದಿನವೂ ಅಳೆಯುತ್ತಾ 30 ದಿನ ಅದೇ ಮಟ್ಟದಲ್ಲಿ ಕಾಯ್ದುಕೊಳ್ಳಿ. ನಡುವೆ ಮಟ್ಟ ಇಳಿದರೆ ದಿನಗಳ ಎಣಿಕೆ ಮತ್ತೆ ಒಂದರಿಂದ ಆರಂಭ. ಅಮೋನಿಯಾ ಬಂಧಿಸುವ ದ್ರವವನ್ನು ತಾಮ್ರದ ಜೊತೆ ಬಳಸಬೇಡಿ. ಅಮೋನಿಯಾ ಏರಿದರೆ ಅದೇ ಪ್ರಮಾಣದ ತಾಮ್ರ ಬೆರೆಸಿದ ಹೊಸ ನೀರಿನಿಂದ ನೀರು ಬದಲಿಸಿ. ತಾಮ್ರ ತಾಗಿದ ಬಲೆ, ಬಕೆಟ್, ಕೊಳವೆಗಳು ಮುಖ್ಯ ತೊಟ್ಟಿಯ ಹತ್ತಿರಕ್ಕೂ ಬರಬಾರದು.

ಹಂತ 9: ಮುಂದಿನ ಮೀನು

ಮೊದಲು ಆಯ್ಕೆ. ಮ್ಯಾಂಡರಿನ್ ಮೀನು ಬಹುತೇಕ ಕೋಪಿಪಾಡ್ ಎಂಬ ಅತಿ ಚಿಕ್ಕ ಜೀವಿಗಳನ್ನೇ ತಿನ್ನುತ್ತದೆ. ಹೊಸ ತೊಟ್ಟಿಯಲ್ಲಿ ಅದು ನಿಮ್ಮ ಕಣ್ಣೆದುರೇ ಹಸಿದು ಸಾಯುತ್ತದೆ. ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಿಂದ ಬಳಕೆಗೆ ಬಂದ ಸೈನೈಡ್ ವಿಧಾನದಿಂದ ಹಿಡಿದ ಮೀನು ಮೇಲ್ನೋಟಕ್ಕೆ ಚೆನ್ನಾಗಿದ್ದು ಕೆಲವು ವಾರಗಳ ನಂತರವೂ ಸಾಯಬಹುದು. ಇವೆರಡರಿಂದಲೂ ತಪ್ಪಿಸಿಕೊಳ್ಳಲು ಸಾಕಣೆಯಲ್ಲೇ ಹುಟ್ಟಿದ ಕ್ಲೌನ್‌ಫಿಶ್‌ನಂತಹ ಮೀನುಗಳನ್ನು ಕೇಳಿ ಪಡೆಯಿರಿ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್‌ಫಿಶ್‌ಗಳ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿದೆ. ಅಂಗಡಿಯಲ್ಲಿ ಮೀನು ನಿಮ್ಮೆದುರು ಆಹಾರ ತಿನ್ನುವುದನ್ನು ನೋಡದೆ ಹಣ ಕೊಡಬೇಡಿ.

ಅಂಗಡಿಯ ನೀರಿನ ಉಪ್ಪಿನಂಶವನ್ನು ಅಲ್ಲೇ ಕೇಳಿ ಅಥವಾ ಮನೆಗೆ ಬಂದೊಡನೆ ಚೀಲದ ನೀರನ್ನು ಅಳೆಯಿರಿ. ಹಲವು ಅಂಗಡಿಗಳು ಪರೋಪಜೀವಿಗಳನ್ನು ಹತ್ತಿಕ್ಕಲು ಮತ್ತು ಉಪ್ಪು ಉಳಿಸಲು 1.018ರಿಂದ 1.020ರಷ್ಟು ಕಡಿಮೆ ಸಾಂದ್ರತೆಯಲ್ಲಿ ಮೀನು ಇಡುತ್ತವೆ. ಅಂತಹ ಮೀನನ್ನು ಒಂದು ಗಂಟೆಯಲ್ಲಿ 1.026ಕ್ಕೆ ತಂದರೆ ಅದು ಎರಡನೆಯ ಅಥವಾ ಮೂರನೆಯ ದಿನ ಸಾಯಬಹುದು. ಪ್ರತ್ಯೇಕ ತೊಟ್ಟಿಯ ನೀರನ್ನೇ ಅಂಗಡಿಯ ಮಟ್ಟಕ್ಕೆ ಹೊಂದಿಸಿಟ್ಟುಕೊಂಡು, ಆಮೇಲೆ ದಿನಕ್ಕೆ 0.001ರಷ್ಟು ಏರಿಸಿ.

ಅಂಗಡಿಯಿಂದ ಒಂದು ಗಂಟೆಯಲ್ಲಿ ತಂದ ಮೀನಿಗೂ, ಬೇರೆ ಊರಿನಿಂದ ಪಾರ್ಸೆಲ್‌ನಲ್ಲಿ ಬಂದ ಮೀನಿಗೂ ಒಂದೇ ಕ್ರಮ ಸಲ್ಲದು. ಬಹಳ ಹೊತ್ತು ಮುಚ್ಚಿದ್ದ ಚೀಲದಲ್ಲಿ ಮೀನು ಉಸಿರಾಡಿದ ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ ಇಳಿದಿರುತ್ತದೆ. ಹಾಗಾಗಿ ಸೇರಿಕೊಂಡ ಅಮೋನಿಯಾದ ಬಹುಪಾಲು ನಿರುಪದ್ರವಿ ರೂಪದಲ್ಲಿರುತ್ತದೆ. ಚೀಲ ಬಿಚ್ಚಿ ಹನಿಹನಿಯಾಗಿ ಹೊಸ ನೀರು ಬಿಡುತ್ತಾ ಎರಡು ಗಂಟೆ ಕೂತರೆ ಪಿಎಚ್ ಏರಿ ಅದೇ ಅಮೋನಿಯಾ ವಿಷವಾಗುತ್ತದೆ. ಇಂತಹ ಚೀಲವನ್ನು ಬಿಚ್ಚದೆ 15 ನಿಮಿಷ ನೀರಿನ ಮೇಲೆ ತೇಲಿಸಿ ಉಷ್ಣತೆ ಹೊಂದಿಸಿ, ಉಪ್ಪಿನಂಶ ಸರಿಹೊಂದಿದೆ ಎಂದು ಖಚಿತಪಡಿಸಿಕೊಂಡು, ಬಿಚ್ಚಿದ ಕೂಡಲೇ ಮೀನನ್ನು ಮಾತ್ರ ವರ್ಗಾಯಿಸಿ, ಚೀಲದ ನೀರನ್ನು ಚೆಲ್ಲಿಬಿಡಿ.

ಆ ದಿನ ದೀಪ ಆರಿಸಿಡಿ, ಆಹಾರ ಹಾಕಬೇಡಿ. ಕನಿಷ್ಠ 30 ದಿನ ಪ್ರತ್ಯೇಕ ತೊಟ್ಟಿಯಲ್ಲಿ ಉಸಿರಾಟ, ಹಸಿವು, ಚರ್ಮವನ್ನು ದಿನವೂ ಗಮನಿಸಿ ನೋಟ್‌ಪುಸ್ತಕದಲ್ಲಿ ಬರೆಯಿರಿ. ಮುಖ್ಯ ತೊಟ್ಟಿಗೆ ಬಿಡುವಾಗ ಹಳೆಯ ಮೀನುಗಳು ಅಟ್ಟಿಸಿಕೊಂಡು ಹೋಗುವುದನ್ನು ತಪ್ಪಿಸಲು ರಂಧ್ರಗಳಿರುವ ಪಾರದರ್ಶಕ ಪೆಟ್ಟಿಗೆಯಲ್ಲಿ ಎರಡು ಮೂರು ದಿನ ಅವುಗಳ ಕಣ್ಣೆದುರೇ ಇಟ್ಟು ಆಮೇಲೆ ಬಿಡಿ. ಅಮೋನಿಯಾ ಸೊನ್ನೆಯಲ್ಲೇ ಇದೆ, ಆ ಮೀನು ಆಹಾರಕ್ಕಾಗಿ ಮುಂದೆ ಬರುತ್ತಿದೆ ಎಂದು ಎರಡು ವಾರ ನೋಡಿದ ಮೇಲೆ ಎರಡನೆಯ ಮೀನನ್ನು ತರಲು ಹೋಗಬಹುದು.